ವಕೀಲ ಆಗಲ್ಲ ಅಂತಿರೋ ಗೆಳೆಯನಿಗೊಂದು ಪತ್ರ

ಲೇ ದೋಸ್ತ,

ನಿನ್ನ ವಾಯ್ಸ್ ಮೆಸೇಜ್ ಕೇಳ್ದೆ. ನಿಮ್ಹಾನ್ಸ್‌ನಲ್ಲಿ ಡಿಸ್ಲೆಕ್ಸಿಯಾ, ಅಂದ್ರೆ ಅಕ್ಷರ-ಅಂಕಿ ಓದೋಕೆ ತಡವರಿಸೋ ತೊಂದರೆ, ಅಂತ ಬರ್ದುಕೊಟ್ರು, ಇನ್ನು ಎಲ್‌ಎಲ್‌ಬಿ ಬಿಟ್ಟು ದುರ್ಗದಲ್ಲೇ ಅಪ್ಪನ ಅಂಗಡಿ ನೋಡ್ಕೋತೀನಿ ಅಂತೀಯಲ್ಲ, ಅಂಗಡೀಲಿ ಬಿಲ್ ಓದೋರು ಯಾರಲೇ?

ನನಗೂ ಅದೇ ಐತೆ, ನಿನಗೆ ಗೊತ್ತು. ದಾವಣಗೆರೆ ಕೋರ್ಟಲ್ಲಿ ಕರಿಕೋಟು ಹಾಕ್ಕೊಂಡು ಓಡಾಡೋರೆಲ್ಲ ಸರಾಗ ಓದೋರು ಅನ್ಕೋಬೇಡ. 2024ರ ಜುಲೈ 1ಕ್ಕೆ ಹೊಸ ಕಾನೂನು ಜಾರಿಗೆ ಬಂತಲ್ಲ, ಆ ವಾರ ನೀನು ಇಲ್ಲಿರಬೇಕಿತ್ತು. ಕೊಲೆಗೆ ಹಳೇ ದಂಡ ಸಂಹಿತೆ ಐಪಿಸಿಯ 302 ಹೋಗಿ ಹೊಸ ಬಿಎನ್‌ಎಸ್‌ನ 103, ವಂಚನೆಗೆ 420 ಹೋಗಿ 318(4), ಅದೂ ಹೋಗ್ಲಿ ಅಂದ್ರೆ ಕ್ರಿಮಿನಲ್ ಕೇಸ್ ನಡೆಸೋ ಹಳೇ ಕಾನೂನು ಸಿಆರ್‌ಪಿಸಿಯ 482 ನೋಡು, ಮೊದ್ಲು ಹೈಕೋರ್ಟಲ್ಲಿ ಕೇಸ್ ರದ್ದು ಮಾಡ್ಸೋಕೆ ಹಾಕ್ತಿದ್ದ ಸೆಕ್ಷನ್, ಈಗ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನಲ್ಲಿ ಅದೇ ನಂಬರ್ ನಿರೀಕ್ಷಣಾ ಜಾಮೀನಿಗೆ, 144 ಅಂದ್ರೆ ನಿಷೇಧಾಜ್ಞೆ ಇದ್ದಿದ್ದು ಈಗ ಜೀವನಾಂಶ! ತಲೆ ಹಣ್ಣಾದ ಸೀನಿಯರ್‌ಗಳೂ ತಡವರಿಸ್ತಿದ್ರು. ನನಗೆ ಅಂಥ ವ್ಯತ್ಯಾಸ ಏನಾಗ್ಲಿಲ್ಲ, ಯಾಕಂದ್ರೆ ನಂಬರ್ ಯಾವತ್ತೂ ನನ್ ತಲೇಲಿ ನಿಂತಿದ್ದೇ ಇಲ್ಲ. ಒಂದು ಆರೋಪಕ್ಕೆ ಏನೇನು ಸಾಬೀತಾಗ್ಬೇಕು ಅನ್ನೋದು ತಲೇಲಿ, ನಂಬರ್ ಚೀಟೀಲಿ. ಚೀಟಿ ಬದಲಾಯಿಸ್ದೆ, ಅಷ್ಟೇ.

ಜಮೀನು ಕೇಸಲ್ಲೂ ಹಂಗೇ. ಪಹಣಿ ಕೈಗೆ ಬಂದ್ರೆ ಸರ್ವೆ ನಂಬರ್ 47/2 ನನ್ ಕಣ್ಣಿಗೆ 74/2 ಆಗುತ್ತೆ, ಅದಕ್ಕೆ ನಾನು ಮೊದ್ಲು ಚಕ್ಕುಬಂದಿ ಕೇಳ್ತೀನಿ. ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಇಂಥೋರ ತೋಟ, ಉತ್ತರಕ್ಕೆ ಬಂಡಿದಾರಿ... ಕಕ್ಷಿದಾರ ಹೇಳ್ತಾ ಹೋದ್ರೆ ಜಮೀನೇ ಕಣ್ಮುಂದೆ ಬರುತ್ತೆ. ನಂಬರ್‌ಗೂ ಚಕ್ಕುಬಂದಿಗೂ ತಾಳೆ ಆಗ್ದಿದ್ರೆ ಕೋರ್ಟೂ ಸಾಮಾನ್ಯವಾಗಿ ಚಕ್ಕುಬಂದಿಗೇ ತೂಕ ಕೊಡುತ್ತೆ. ಆಮೇಲೆ ನಮ್ ಗುಮಾಸ್ತರು ನಂಬರ್‌ನ ಒಂದೊಂದೇ ಅಂಕಿ ಬಿಡಿಸಿ ಓದ್ತಾರೆ, ನಾನು ಬೆರಳಿಟ್ಟು ನೋಡ್ತೀನಿ. ಅವರಿಗೆ ನಾನು ಮೊದಲನೇ ದಿನವೇ ಹೇಳಿಬಿಟ್ಟಿದ್ದೆ, ಹೇಳ್ದೆ ಮುಚ್ಚಿಟ್ಕೊಂಡಿದ್ರೆ ಈ ಕೆಲಸ ಆಗ್ತಿರ್ಲಿಲ್ಲ.

ಜಡ್ಜ್‌ಮೆಂಟ್‌ಗಳನ್ನ ಫೋನ್‌ಗೆ ಓದಿಸ್ತೀನಿ, ಬೆಳಿಗ್ಗೆ ವಾಕಿಂಗಲ್ಲಿ ಕೇಳ್ತೀನಿ. ಸ್ಕ್ಯಾನ್ ಮಾಡಿದ ಹಳೇ ಪಿಡಿಎಫ್ ಆದ್ರೆ ಫೋನೂ ಕೈ ಎತ್ತುತ್ತೆ.

ಇನ್ನು ಡಿಸ್ಲೆಕ್ಸಿಯಾ ದೇವರು ಕೊಟ್ಟ ವರ, ಇರೋರೆಲ್ಲ ಬುದ್ಧಿವಂತರು ಅಂತ ವಾಟ್ಸಾಪಲ್ಲಿ ಬರುತ್ತಲ್ಲ, ನಂಬಬೇಡ. ಬುದ್ಧಿಗೂ ಇದಕ್ಕೂ ಸಂಬಂಧ ಇಲ್ಲ, ಆ ಕಡೆಗೂ ಇಲ್ಲ ಈ ಕಡೆಗೂ ಇಲ್ಲ. ಎದುರು ವಕೀಲರು ಒಂದು ದಾಖಲೆ ಕೊಟ್ಟು ಸಾಹೇಬ್ರು ‘ಓದಿ’ ಅಂದ್ರೆ ನನಗೆ ಇವತ್ತಿಗೂ ಬೆವರು ಬರುತ್ತೆ, ಕೈಬರಹದ ಒತ್ತಕ್ಷರ ಇದ್ರಂತೂ ಮುಗೀತು. ‘ಸ್ವಲ್ಪ ಸಮಯ ಕೊಡಿ ಸ್ವಾಮಿ’ ಅಂತೀನಿ. ಕೊಡ್ತಾರೆ, ಕೆಲವ್ರು ಗೊಣಗ್ತಾ ಕೊಡ್ತಾರೆ.

ಅಮೆರಿಕದಲ್ಲಿ ಡೇವಿಡ್ ಬೋಯಿಸ್ ಅಂತ ವಕೀಲರು, ಡಿಸ್ಲೆಕ್ಸಿಯಾ ಇರೋರೇ, 2000ನೇ ಇಸ್ವಿ ಬುಷ್–ಗೋರ್ ಅಧ್ಯಕ್ಷರ ಎಲೆಕ್ಷನ್ ಕೇಸಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಮುಂದೆ ಗೋರ್ ಪರ ವಾದ ಮಾಡಿದೋರು. ಸೋತ್ರು ಬಿಡು, ಆದ್ರೆ ಓದೋಕ್ ಬರ್ದೆ ಸೋತಿದ್ದಲ್ಲ.

ಈಗ ಕೆಲಸದ ಮಾತು. 1995ರ ಅಂಗವಿಕಲರ ಕಾಯ್ದೇಲಿ ನಮ್ಮ ತೊಂದರೆ ಹೆಸರೇ ಇರ್ಲಿಲ್ಲ, 2016ರ ವಿಕಲಚೇತನರ ಹಕ್ಕುಗಳ ಕಾಯ್ದೇಲಿ 21 ಬಗೆ ಸೇರಿಸ್ದಾಗ ಕಲಿಕೆಯ ನ್ಯೂನತೆನೂ ಬಂತು. ಸರ್ಟಿಫಿಕೇಟಲ್ಲಿ ನ್ಯೂನತೆ ಶೇ 40 ಅಥವಾ ಜಾಸ್ತಿ ಇದ್ರೆ ಪರೀಕ್ಷೇಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚಿಗೆ ಕೊಡ್ಬೇಕು ಅಂತ ಕೇಂದ್ರದ ಮಾರ್ಗಸೂಚಿ ಐತೆ. ಕಮ್ಮಿ ಇದ್ರೂ ಕೈ ಕಟ್ಟಿ ಕೂರಬೇಡ, 2021ರಲ್ಲಿ ಯುಪಿಎಸ್‌ಸಿ ವಿರುದ್ಧದ ವಿಕಾಸ್ ಕುಮಾರ್ ಕೇಸಲ್ಲಿ ಸುಪ್ರೀಂ ಕೋರ್ಟು 40 ಇಲ್ದೋರಿಗೂ ಸ್ಕ್ರೈಬ್, ಅಂದ್ರೆ ನಾವು ಹೇಳಿದ್ದನ್ನ ಬರ್ದುಕೊಡೋರ್ನ, ಕೊಡ್ಬಹುದು ಅಂದೈತೆ. ಅರ್ಜಿ ಪರೀಕ್ಷೆಗೆ ಮುಂಚೇನೇ ಹೋಗ್ಬೇಕು, ಹಾಲ್ ಟಿಕೆಟ್ ಬಂದ್ಮೇಲೆ ಓಡಾಡಿದ್ರೆ ಯಾರೂ ಕೇಳಲ್ಲ. ಸರ್ಟಿಫಿಕೇಟ್ ಫೋಟೋ ಕಳ್ಸು, ಅರ್ಜಿ ನಾನೇ ಡ್ರಾಫ್ಟ್ ಮಾಡಿ ಗುಮಾಸ್ತರ ಹತ್ರ ತಿದ್ದಿಸ್ತೀನಿ. ಉತ್ತರಾನ ಟೈಪ್ ಮಾಡ್ಬೇಡ ಮಾರಾಯ, ನಿನ್ ಟೈಪಿಂಗ್ ನಾನು ಓದೋಕೆ ಸಂಜೆ ಆಗುತ್ತೆ. ವಾಯ್ಸ್ ಮೆಸೇಜೇ ಹಾಕು.