ವಿಡಿಯೊ ಹಾಕಿದ್ರೆ ಸಾಲ್ದು, ಮಾತಾಡ್ಸಿ

ಸಂಪಾದಕರೇ,

ವೃತ್ತಿಪರ ಕಾಲೇಜುಗಳಲ್ಲಿ ಬಿಸಿನೆಸ್ ಇಂಗ್ಲಿಷನ್ನ ಹೈಬ್ರಿಡ್ ಆಗಿ, ಅಂದ್ರೆ ಸ್ವಲ್ಪ ಆನ್‌ಲೈನಲ್ಲಿ ಸ್ವಲ್ಪ ಕ್ಲಾಸಲ್ಲಿ, ಕಲಿಸ್ತೀವಿ ಅಂತ ಹೇಳಿ ಬರೀ ವಿಡಿಯೊ, ಪಿಡಿಎಫ್ ಹಾಕಿಬಿಟ್ರೆ ಅದು ಹೈಬ್ರಿಡ್ ಆಗಲ್ಲ. ಹೊಸ ಪದಗಳು, ಇಮೇಲ್ ಬರೆಯೋ ರೀತಿ, ಲಿಸನಿಂಗ್ ಪ್ರಾಕ್ಟೀಸ್ ಇವೆಲ್ಲ ಮೊಬೈಲಲ್ಲೇ ಮಾಡ್ಬಹುದು, ಅರ್ಥ ಆಗ್ಲಿಲ್ಲ ಅಂದ್ರೆ ನಾಲ್ಕು ಸಲ ತಿರುಗಿ ಕೇಳ್ಬಹುದು, ನಾಚ್ಕೆ ಪಡೋ ಮಕ್ಕಳಿಗೆ ಇದು ನಿಜವಾಗ್ಲೂ ದೊಡ್ಡ ಅನುಕೂಲ. ಆದ್ರೆ ಸಿಟ್ಟಾಗಿರೋ ಕಸ್ಟಮರಿಗೆ ಫೋನಲ್ಲಿ ಉತ್ತರ ಕೊಡೋದು, ರೇಟ್ ಚೌಕಾಸಿ, ಮೀಟಿಂಗಲ್ಲಿ ಒಪ್ಪಲ್ಲ ಅಂತ ಮರ್ಯಾದೆಯಿಂದ ಹೇಳೋದು, ಇದೆಲ್ಲ ಎದುರುಬದುರು ಕೂತು ರೋಲ್ ಪ್ಲೇ ಮಾಡಿದ್ರೇನೇ ಬರೋದು, ಕ್ಲಾಸ್ ಟೈಮನ್ನ ದಯವಿಟ್ಟು ಅದಕ್ಕೇ ಇಡಿ. ಭಾಷೆ ಎಷ್ಟು ಬರುತ್ತೆ ಅಂತ ಅಳೆಯೋ ಯುರೋಪಿನ ಮಾನದಂಡ ಸಿಇಎಫ್‌ಆರ್‌ನಲ್ಲಿ ಎ1ರಿಂದ ಸಿ2ವರೆಗೆ 6 ಹಂತ ಇದೆಯಲ್ಲ, ಶುರುವಲ್ಲೇ ಒಂದು ಟೆಸ್ಟ್ ಮಾಡಿ ಯಾರು ಎಲ್ಲಿದಾರೆ ನೋಡ್ಕೊಳ್ಳಿ. ಹೋಟೆಲ್ ಮ್ಯಾನೇಜ್‌ಮೆಂಟ್ ಓದೋರಿಗೂ ಅಕೌಂಟಿಂಗ್ ಓದೋರಿಗೂ ಒಂದೇ ಪಾಠ ತುರುಕೋದನ್ನೂ ಬಿಡಿ.

– ಒಬ್ಬ ಇಂಗ್ಲಿಷ್ ಟೀಚರ್