ಸ್ಲೈಡು ಓದುವುದು ಬಿಡಬೇಡ ಮಗಳೇ

ಚಿ. ಸುಮಾಳಿಗೆ ನೀರ್ಚಾಲಿನಿಂದ ದೊಡ್ಡಪ್ಪನ ಆಶೀರ್ವಾದಗಳು.

ಕರುಳಿನೊಳಗೇ ಮೈಕ್ರೋಸ್ಕೋಪ್ ಹೋಗುವ ಕಾಲ ಬಂತು, ಇನ್ನು ಪೆಥಾಲಜಿ, ಅಂದರೆ ದೇಹದ ತುಂಡು ಪರೀಕ್ಷಿಸಿ ರೋಗ ಗುರುತಿಸುವ ವಿದ್ಯೆ, ಓದಿ ಏನು ಪ್ರಯೋಜನ ಅಂತ ಫೋನಿನಲ್ಲಿ ಕೇಳಿದೆಯಲ್ಲ. ಮಂಗಳೂರಿನ ಲ್ಯಾಬಿನಲ್ಲಿ ನಿವೃತ್ತಿಯವರೆಗೂ ಆ ತುಂಡುಗಳನ್ನು ತೆಳ್ಳಗೆ ಕೊಯ್ದು ಗಾಜಿನ ಮೇಲೆ ಸ್ಲೈಡ್ ಮಾಡಿದವನು ನಾನು. ನೇರವಾಗಿ ಹೇಳುತ್ತೇನೆ, ಸೀಟು ಬಿಡಬೇಡ.

ನೀನು ಹೇಳಿದ ಆ ಕರುಳಿನೊಳಗಿನ ಮೈಕ್ರೋಸ್ಕೋಪ್, ಕನ್‌ಫೋಕಲ್ ಎಂಡೋಮೈಕ್ರೋಸ್ಕೋಪಿ, ದೊಡ್ಡ ವಿದ್ಯೆಯೇ, ಅನುಮಾನ ಬೇಡ. 2004ರಲ್ಲಿ ಜರ್ಮನಿಯ ಕೀಸ್ಲಿಶ್ ಮತ್ತು ಜೊತೆಗಾರರು ದೊಡ್ಡ ಕರುಳಿನಲ್ಲಿ ಅದನ್ನು ಮಾಡಿ ತೋರಿಸಿದರು. ರಕ್ತನಾಳಕ್ಕೆ ಫ್ಲೋರೆಸಿನ್ ಅನ್ನುವ ಹೊಳೆಯುವ ಬಣ್ಣ ಚುಚ್ಚಿ, 488 ನ್ಯಾನೋಮೀಟರಿನ ನೀಲಿ ಲೇಸರ್ ಹಾಯಿಸಿದರೆ ಕ್ರಿಪ್ಟ್‌ಗಳ (ಕರುಳಿನ ಒಳಪದರದ ಕೊಳವೆಯಂಥ ಸಣ್ಣ ಗುಳಿಗಳು) ದುಂಡು ಬಾಯಿ, ಕಪ್ಪಾಗಿ ಕಾಣುವ, ಲೋಳೆ ಸುರಿಸುವ ಗಾಬ್ಲೆಟ್ ಕೋಶ, ಸಣ್ಣ ನಾಳಗಳಲ್ಲಿ ಓಡುವ ರಕ್ತಕಣ ಎಲ್ಲ ಆ ಕ್ಷಣವೇ ಪರದೆಯ ಮೇಲೆ ಬರುತ್ತವೆ. ರಕ್ತ ಓಡುವುದನ್ನು ನಮ್ಮ ಯಾವ ಸ್ಲೈಡೂ ತೋರಿಸುವುದಿಲ್ಲ, ಅಲ್ವಾ? (ಆಮೇಲೆ ಕೆಲವು ಗಂಟೆ ಮೈ, ಒಂದೆರಡು ದಿನ ಮೂತ್ರ ಹಳದಿಯಾಗುತ್ತದೆ. ರೋಗಿಗೆ ಕನ್ನಡವೋ ತುಳುವೋ ಮಲಯಾಳವೋ, ಅವರ ಭಾಷೆಯಲ್ಲೇ ಮೊದಲೇ ಹೇಳಬೇಕು, ಇಲ್ಲದಿದ್ದರೆ ಕಾಮಾಲೆ ಅಂತ ಹೆದರಿಬಿಡುತ್ತಾರೆ.)

ಆದರೆ ಆ ಚಿತ್ರ ಅಡ್ಡಕ್ಕೆ ಕೊಯ್ದದ್ದು, ನಮ್ಮದು ಸಾಮಾನ್ಯವಾಗಿ ಉದ್ದಕ್ಕೆ. ಪಪ್ಪಾಯಿ ದಂಟನ್ನು ಅಡ್ಡ ಕೊಯ್ದರೆ ಬಳೆ, ಉದ್ದ ಸೀಳಿದರೆ ಕೊಳವೆ, ಹಾಗೆ. ಇನ್ನೊಂದು, ಫ್ಲೋರೆಸಿನ್ ಕೋಶದ ನಡುವಿನ ನ್ಯೂಕ್ಲಿಯಸ್ಸಿಗೆ ಬಣ್ಣ ಕೊಡುವುದಿಲ್ಲ. ಡಿಸ್‌ಪ್ಲೇಸಿಯಾ, ಅಂದರೆ ಕ್ಯಾನ್ಸರಿಗೆ ಮುಂಚಿನ ಕೋಶಗಳ ಕೆಡುಕು, ಎಷ್ಟು ಮುಂದುವರಿದಿದೆ ಅಂತ ನಾವು ನೋಡುವುದೇ ಹೆಮಟಾಕ್ಸಿಲಿನ್ ಬಣ್ಣದಲ್ಲಿ ನೀಲಿಯಾದ ನ್ಯೂಕ್ಲಿಯಸ್ಸನ್ನು. ಲೇಸರ್ ಇಳಿಯುವುದೂ ಹೆಚ್ಚೆಂದರೆ 250 ಮೈಕ್ರಾನ್‌ನಷ್ಟು. ಕ್ಯಾನ್ಸರ್ ಲೋಳೆಪೊರೆ ದಾಟಿ ಕೆಳಗಿನ ಪದರಕ್ಕೆ ಇಳಿದಿದೆಯೇ ಅನ್ನುವುದನ್ನು ಅದು ಹೇಳಲಾರದು, ಮುಂದಿನ ಚಿಕಿತ್ಸೆ ನಿಂತಿರುವುದು ಅದರ ಮೇಲೆ.

ಹಾಗಂತ ಸ್ಲೈಡ್ ಹೇಳಿದ್ದೆಲ್ಲ ಸತ್ಯ ಅಂತಲೂ ಅಲ್ಲ. ಫಾರ್ಮಲಿನ್, ಆಲ್ಕೋಹಾಲ್, ಬಿಸಿ ಮೇಣ ದಾಟಿ ಬರುವಷ್ಟರಲ್ಲಿ ತುಂಡು ಕುಗ್ಗಿರುತ್ತದೆ. ಪರೀಕ್ಷೆಗೆಂದು ಕಿತ್ತ ಅಕ್ಕಿಕಾಳಿಗಿಂತ ಸಣ್ಣ ತುಂಡು, ಬಯಾಪ್ಸಿ, ಸುರುಟಿಕೊಂಡೇ ಬರುತ್ತದೆ, ಮೇಣ ಗಟ್ಟಿಯಾಗುವ ಮೊದಲು ಚಿಮಟದಲ್ಲಿ ಅದನ್ನು ಅಂಚಿನ ಮೇಲೆ ನಿಲ್ಲಿಸಬೇಕು. ಸ್ವಲ್ಪ ವಾಲಿತೋ, ಕ್ರಿಪ್ಟ್ ಓರೆಯಾಗಿ ಕೊಯ್ದುಹೋಗಿ ಒಳ್ಳೆಯ ಕರುಳಿನಲ್ಲೂ ನ್ಯೂಕ್ಲಿಯಸ್ ಒಂದರ ಮೇಲೊಂದು ಪೇರಿದ ಹಾಗೆ ಕಾಣುತ್ತದೆ. ಅದನ್ನು ರೋಗ ಅಂತ ಬರೆದರೆ ಒಬ್ಬರ ಜೀವಕ್ಕೆ ಎಷ್ಟು ಕಷ್ಟ, ಯೋಚಿಸು.

ಅದಕ್ಕೇ ಎರಡನ್ನೂ ಕಲಿ. ಎಂಡೋಸ್ಕೋಪಿ ಕೋಣೆಗೆ ಹೋಗಿ ಕೂತುಕೋ, ಪರದೆಯಲ್ಲಿ ನೋಡಿದ ಜಾಗದಿಂದಲೇ ಬಯಾಪ್ಸಿ ತೆಗೆದರೋ ಅಂತ ಬರೆದಿಟ್ಟುಕೋ, ಆಮೇಲೆ ಅದೇ ತುಂಡಿನ ಸ್ಲೈಡ್ ನೋಡು. ನಿಮ್ಮಲ್ಲಿ ಆ ಯಂತ್ರ ಇಲ್ಲದಿದ್ದರೂ ಪರವಾಗಿಲ್ಲ. ಆಪರೇಷನ್ನಿನಲ್ಲಿ ತೆಗೆದ ಕರುಳಿನ ಒಂದು ಹೆಚ್ಚುವರಿ ಚೂರನ್ನು ಮೇಣದಲ್ಲಿ ಮಲಗಿಸಿ ಅಡ್ಡಕ್ಕೆ ಕೊಯ್ಯಲು ಬಿಡಿ ಅಂತ ಸೋಮವಾರವೇ ನಿನ್ನ ಪ್ರೊಫೆಸರನ್ನು ಕೇಳು.

ನಿನ್ನ ದೊಡ್ಡಪ್ಪ