ಆರಂಭದ ದೃಶ್ಯದ ಬಗ್ಗೆ, ಎಲ್ಲರೂ ಓದಿ

ಎಲ್ಲರ ಗಮನಕ್ಕೆ. ನಮ್ಮ ಥ್ರಿಲ್ಲರ್‌ನ ಮೊದಲ ಎರಡು ನಿಮಿಷ ಬೇಕಲ ಕೋಟೆಯಲ್ಲಿ ಬೇಡ. ಅಲ್ಲಿ ಪುರಾತತ್ವ ಇಲಾಖೆಯ ಅನುಮತಿ ಬೇಕು, ಮೇಲಾಗಿ ಆ ಬುರುಜು ಎಲ್ಲರೂ ನೋಡಿದ್ದೇ. ನಮ್ಮ ಕಾಸರಗೋಡಿನ ತೋಟಗಳಲ್ಲೇ ಸುರಂಗ ಇದೆಯಲ್ಲ! ನೀರಿಗಾಗಿ ಮುರಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ ಕೊರೆದದ್ದು, ಒಬ್ಬರು ನುಸುಳುವಷ್ಟೇ ಅಗಲ. ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಾಣುವುದಿಲ್ಲ.

ಮೊದಲು ಪರದೆ ಪೂರ್ತಿ ಕಪ್ಪು, ನೀರು ತೊಟ್ಟಿಕ್ಕುವ ಸದ್ದು ಮಾತ್ರ. ಆಮೇಲೆ ಟಾರ್ಚ್ ಬೆಳಕು ಪಿಕಾಸಿಯ ಗೆರೆಗಳಿರುವ ಕೆಂಪು ಗೋಡೆಯ ಮೇಲೆ ನಿಧಾನವಾಗಿ ಜಾರಿ, ಕೆಸರಲ್ಲಿ ಅರ್ಧ ಹೂತ ಹವಾಯಿ ಚಪ್ಪಲಿಯ ಮೇಲೆ ನಿಲ್ಲಲಿ. ಚಪ್ಪಲಿ ಹೊಸದು, ಪಟ್ಟಿ ಮಾತ್ರ ಕಿತ್ತಿದೆ. ಯಾರದ್ದು ಅಂತ ಸುಳಿವು ಕೊಡಬೇಡಿ, ಮಾತೂ ಬೇಡ. ಅಲ್ಲಿಗೇ ಶೀರ್ಷಿಕೆ.

ಸುರಂಗದ ಬಾಯಿಯ ಹತ್ತಿರವೇ ಶೂಟಿಂಗ್. ಒಳಗೆ ಯಾರೂ ಹೋಗಕೂಡದು. ಒಳಗೆ ಗಾಳಿ ಕಡಿಮೆ, ಸುರಂಗ ಕೊರೆಯುವವರೇ ಮೇಣದಬತ್ತಿ ಉರಿಸಿ ನೋಡಿಕೊಳ್ಳುತ್ತಾರೆ.

ಅಂಗಳದ ಬಲ್ಬಿನ ಶಾಟ್‌ಗೆ ಕ್ಯಾಮೆರಾದಲ್ಲಿ ಸೆಕೆಂಡಿಗೆ 24 ಫ್ರೇಮ್, ಶಟರ್ 1/50 ಸೆಕೆಂಡ್ ಇಡಿ, ಇಲ್ಲದಿದ್ದರೆ ನಮ್ಮ 50 ಹರ್ಟ್ಸ್ ಕರೆಂಟಿಗೆ ವಿಡಿಯೊದಲ್ಲಿ ಬೆಳಕು ಮಿಟುಕಬಹುದು. ನೀರಿನ ಸದ್ದನ್ನು ಪಂಪ್‌ಸೆಟ್ ಶುರುವಾಗುವ ಮೊದಲೇ ಬೇರೆಯಾಗಿ ರೆಕಾರ್ಡ್ ಮಾಡಬೇಕು. ತೋಟದವರು ಒಪ್ಪಿದ್ದಾರೆ, ಅಂಗಳದಲ್ಲಿ ಒಣಹಾಕಿದ ಅಡಕೆ ತುಳಿಯಬೇಡಿ. ಟಾರ್ಚ್ ಯಾರು ತರುತ್ತೀರಿ, ಇವತ್ತು ರಾತ್ರಿಯೊಳಗೆ ಇಲ್ಲೇ ತಿಳಿಸಿ.